ಕತ್ತಿಗೆ ಮೊದಲು ನೊರೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಬ್ರಾಹ್ಮಣ ಮನೆಗಳಲ್ಲಿ ಚೌಲ, ಉಪನಯನ ನಡೆಯುವಾಗ ಒಂದು ಸಣ್ಣ ಕ್ರಿಯೆ ಇರುತ್ತದೆ. ಊಟದ ಗಡಿಬಿಡಿಯಲ್ಲಿ, ಫೋಟೋ ತೆಗೆಯುವವರ ನೂಕುನುಗ್ಗಲಿನಲ್ಲಿ ಅದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ತಣ್ಣೀರಿಗೆ ಬಿಸಿನೀರು ಕೂಡಿಸಿ, ಹದವಾದ ಆ ನೀರಿನಿಂದ ಹುಡುಗನ ತಲೆಯನ್ನು ತೋಯಿಸುತ್ತಾರೆ. ಬಿಸಿನೀರು ತರುವಂತೆ ವಾಯುವನ್ನು ಬೇಡಿಕೊಳ್ಳುವ ಮಂತ್ರವೇ ಅದಕ್ಕೆ ಇದೆ. ಆಶ್ವಲಾಯನ ಗೃಹ್ಯಸೂತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀರಿನ ಜೊತೆ ಬೆಣ್ಣೆಯನ್ನೋ ಮೊಸರನ್ನೋ ಸೇರಿಸಿ ಒದ್ದೆ ಮಾಡಬೇಕು ಎನ್ನುತ್ತದೆ. ಕತ್ತಿಯ ಸರದಿ ಬರುವುದು ಆಮೇಲೆ. ಹುಡುಗನಿಗೆ ನೋವು ಮಾಡದಿರುವಂತೆ ಅದನ್ನೂ ಪ್ರಾರ್ಥಿಸಲಾಗುತ್ತದೆ.

ಶಾಸ್ತ್ರ ಹಾಗಿರಲಿ. ಇದರೊಳಗೆ ಅಡಗಿರುವ ಲೌಕಿಕ ತಿಳಿವಳಿಕೆಯನ್ನು ಗಮನಿಸಬೇಕು. ಬಿಸಿನೀರು ಕೂದಲನ್ನು ಮೆತ್ತಗೆ ಮಾಡುತ್ತದೆ, ಬೆಣ್ಣೆಯ ಜಿಡ್ಡು ಕತ್ತಿಯನ್ನು ಜಾರಿಸುತ್ತದೆ. ಸಾಬೂನು ಎಂಬುದು ನಮ್ಮ ಹಳ್ಳಿಗಳಿಗೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಕ್ಷೌರದ ಸಾಬೂನು ಮಾಡಬೇಕಾದ ಎರಡೂ ಕೆಲಸಗಳು ಗೊತ್ತಿದ್ದವು ಎಂದಾಯಿತು. ಇಂದು ಪೇಟೆಯ ಅಂಗಡಿಗಳಲ್ಲಿ ಬಟ್ಟಲಿನ ಸಾಬೂನು, ಕಡ್ಡಿ ಸಾಬೂನು, ಟ್ಯೂಬಿನ ಕ್ರೀಮು, ಡಬ್ಬಿಯ ನೊರೆ ಎಂದು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಯಾವುದು ಒಳ್ಳೆಯದು ಎಂದು ಕೇಳುವವರು ಬಹಳ. ನೊರೆ ಹೇಗೆ ತೆಗೆಯಬೇಕು ಎಂದು ಕೇಳುವವರು ಇಲ್ಲವೇ ಇಲ್ಲವೆನ್ನಬೇಕು. ಉದ್ದ ಕತ್ತಿಯ ಕ್ಷೌರದಲ್ಲಿ ಈ ಎರಡನೆಯ ಪ್ರಶ್ನೆಯೇ ದೊಡ್ಡದು.

ಉದ್ದ ಕತ್ತಿ ಎಂದರೆ ಹಿಡಿಯೊಳಗೆ ಮಡಚಿಡುವ, ಅಂಚಿಗೆ ಯಾವ ತಡೆಯೂ ಇಲ್ಲದ ಬೋಳು ಕತ್ತಿ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಊರುಗಳು ಇದಕ್ಕೆ ಹೆಸರುವಾಸಿ. ಅಮೆರಿಕದ ಜಿಲೆಟ್ 1903ರಲ್ಲಿ ಬ್ಲೇಡು ಬದಲಿಸುವ ಸೇಫ್ಟಿ ರೇಜರನ್ನು ಮಾರುಕಟ್ಟೆಗೆ ತಂದ ಮೇಲೆ, ಮೊದಲನೆಯ ಮಹಾಯುದ್ಧದಲ್ಲಿ ಅದು ಲಕ್ಷಾಂತರ ಸೈನಿಕರ ಕೈಸೇರಿದ ಮೇಲೆ, ಜನ ತಮ್ಮ ಗಡ್ಡವನ್ನು ತಾವೇ ಕೆರೆದುಕೊಳ್ಳಲು ಕಲಿತರು. ಸೇಫ್ಟಿ ರೇಜರಿಗೆ ಒಂದು ತಡೆಪಟ್ಟಿ ಇದೆ. ಅದು ಚರ್ಮವನ್ನು ಸ್ವಲ್ಪ ಒತ್ತಿಹಿಡಿದು ಬ್ಲೇಡಿನ ಅಂಚು ಮಾತ್ರ ಇಣುಕುವಂತೆ ನೋಡಿಕೊಳ್ಳುತ್ತದೆ. ಬೋಳು ಕತ್ತಿಗೆ ಆ ಕಾವಲು ಇಲ್ಲ. ಕತ್ತಿಗೂ ಕೆನ್ನೆಗೂ ನಡುವೆ ಇರುವುದು ನೊರೆಯೊಂದೇ. ಆದ್ದರಿಂದ ಸೇಫ್ಟಿ ರೇಜರಿನವನು ನೊರೆಯ ವಿಷಯದಲ್ಲಿ ಉದಾಸೀನ ಮಾಡಿದರೂ ಪಾರಾಗಬಹುದು, ಕತ್ತಿಯವನು ಪಾರಾಗುವುದಿಲ್ಲ.

ಹಾಗಾದರೆ ನೊರೆ ಮಾಡುವ ಕೆಲಸವೇನು? ಒಣಗಿದ ಗಡ್ಡದ ಕೂದಲು ತಂತಿಯಂತೆ ಬಿರುಸು. ಅದೇ ಕೂದಲು ನೀರು ಹೀರಿದಾಗ ಉಬ್ಬಿ ಮೆತ್ತಗಾಗುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ಅದು ಹಿಡಿದುಕೊಳ್ಳಬಲ್ಲದು. ಇದಕ್ಕೆ ಎರಡು ಮೂರು ನಿಮಿಷ ಬೇಕು, ನೀರು ಬೆಚ್ಚಗಿದ್ದರೆ ಬೇಗ. ಆದರೆ ಚರ್ಮದಿಂದ ಒಸರುವ ಜಿಡ್ಡು ಕೂದಲಿನ ಮೇಲೆ ತೆಳುವಾಗಿ ಮೆತ್ತಿಕೊಂಡಿರುವುದರಿಂದ ಬರಿಯ ನೀರು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಸಾಬೂನು ಆ ಜಿಡ್ಡನ್ನು ತೆಗೆಯುತ್ತದೆ. ಅನಂತರ ಕೂದಲಿಗೆ ಹಚ್ಚಿದ ನೀರು ಹರಿದು ಹೋಗದಂತೆ, ಆರಿ ಹೋಗದಂತೆ ಅಲ್ಲೇ ಹಿಡಿದು ನಿಲ್ಲಿಸುತ್ತದೆ. ನೊರೆ ಎಂದರೆ ಗಾಳಿಯ ಗುಳ್ಳೆಗಳ ಸುತ್ತ ಸಾಬೂನು ಕಟ್ಟಿಹಾಕಿದ ನೀರು, ಅಷ್ಟೇ. ಕೂದಲನ್ನು ಹಣ್ಣು ಮಾಡುವುದು ಆ ನೀರು.

ನಮ್ಮ ಹಳೆಯ ಕ್ಷೌರಿಕರು ಇದನ್ನು ಕೈಯಿಂದಲೇ ಸಾಧಿಸುತ್ತಿದ್ದರು. ಬಟ್ಟಲ ನೀರಿನಲ್ಲಿ ಬೆರಳು ಅದ್ದಿ ಗಡ್ಡವನ್ನು ತಿಕ್ಕುವರು, ಮತ್ತೆ ಅದ್ದುವರು, ಮತ್ತೆ ತಿಕ್ಕುವರು. ಕುಳಿತವನಿಗೆ ತೂಕಡಿಕೆ ಬರುವವರೆಗೂ ಇದು ನಡೆಯುತ್ತಿತ್ತು. ಊರ ಸುದ್ದಿಯೆಲ್ಲ ಆ ಹೊತ್ತಿನಲ್ಲೇ ವಿನಿಮಯವಾಗುತ್ತಿದ್ದುದರಿಂದ, ಹರಟೆ ಹೊಡೆಯಲು ಹೂಡಿದ ಉಪಾಯವೆಂದು ನೋಡುವವರಿಗೆ ಅನ್ನಿಸಿದ್ದರೂ ಆಶ್ಚರ್ಯವಿಲ್ಲ. ಆದರೆ ಅರ್ಧ ಕ್ಷೌರ ಮುಗಿಯುತ್ತಿದ್ದುದು ಅಲ್ಲಿಯೇ. ಸೀಗೆಕಾಯಿ, ಅಂಟುವಾಳಗಳೂ ನೊರೆ ಕೊಡುತ್ತವೆ. ಆದರೆ ಅವುಗಳ ನೊರೆ ಹಗುರ, ಬೇಗ ಕುಸಿಯುತ್ತದೆ, ಕಣ್ಣಿಗೆ ಹೋದರೆ ಉರಿ ಬೇರೆ. ತಲೆಗೆ ಸರಿ, ಗಡ್ಡಕ್ಕೆ ಒಗ್ಗುವಂಥದಲ್ಲ.

ಇನ್ನು ಸಾಬೂನಿನ ಆಯ್ಕೆ. ಮೈ ತೊಳೆಯುವ ಸಾಬೂನಿನಿಂದಲೇ ದಾಡಿ ಮಾಡಿಕೊಳ್ಳುವವರು ಈಗಲೂ ಇದ್ದಾರೆ. ಅದರಲ್ಲಿ ಅಪಾಯವೇನಿಲ್ಲ, ಸುಖವೂ ಇಲ್ಲ. ಕೊಬ್ಬು ಅಥವಾ ಎಣ್ಣೆಗೆ ಕ್ಷಾರ ಸೇರಿಸಿದರೆ ಸಾಬೂನು ಆಗುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಯಾವ ಎಣ್ಣೆ, ಯಾವ ಕ್ಷಾರ ಎಂಬುದರ ಮೇಲೆ ನೊರೆಯ ಗುಣ ನಿಂತಿದೆ. ತೆಂಗಿನೆಣ್ಣೆಯ ಸಾಬೂನು ಥಟ್ಟನೆ ದೊಡ್ಡ ದೊಡ್ಡ ಗುಳ್ಳೆಗಳ ನೊರೆ ಕೊಡುತ್ತದೆ, ಅಷ್ಟೇ ಬೇಗ ಆರಿ ಹೋಗುತ್ತದೆ, ಚರ್ಮವನ್ನೂ ಒಣಗಿಸುತ್ತದೆ. ಸ್ಟಿಯರಿಕ್ ಆಮ್ಲ ಹೆಚ್ಚಿರುವ ಗಟ್ಟಿ ಕೊಬ್ಬುಗಳ ಸಾಬೂನು ನಿಧಾನವಾಗಿ, ಸಣ್ಣ ಗುಳ್ಳೆಗಳ ದಟ್ಟ ನೊರೆ ಕೊಡುತ್ತದೆ. ಅದು ಬಹಳ ಹೊತ್ತು ನಿಲ್ಲುತ್ತದೆ. ಕ್ಷೌರದ ಸಾಬೂನಿಗೆ ಇದು ಮುಖ್ಯ, ತೆಂಗಿನೆಣ್ಣೆ ಒಗ್ಗರಣೆಯಷ್ಟು ಸಾಕು. ಕ್ಷಾರದಲ್ಲೂ ಎರಡು ಬಗೆ. ಸೋಡಾದಿಂದ ಗಟ್ಟಿ ಬಿಲ್ಲೆ ಆಗುತ್ತದೆ, ಪೊಟ್ಯಾಷಿನಿಂದ ಮೆದುವಾದ, ನೀರಿನಲ್ಲಿ ಬೇಗ ಕರಗುವ ಸಾಬೂನು. ಒಳ್ಳೆಯ ಕ್ಷೌರದ ಸಾಬೂನುಗಳಲ್ಲಿ ಎರಡನ್ನೂ ಬೆರೆಸಿರುತ್ತಾರೆ. ಜೊತೆಗೆ ನೀರನ್ನು ಹಿಡಿದಿಡಲು ಗ್ಲಿಸರಿನ್. ಟ್ಯೂಬಿನ ಕ್ರೀಮು ಬೇರೆ ಜಾತಿಯದೇನಲ್ಲ, ಇದೇ ಸಾಬೂನಿಗೆ ನೀರು ಹೆಚ್ಚು ಹಾಕಿ ಮೆದು ಮಾಡಿದ್ದು. 1950ರ ಸುಮಾರಿಗೆ ಅಮೆರಿಕದಲ್ಲಿ ಬಂದ, ಗುಂಡಿ ಒತ್ತಿದರೆ ಬುಸ್ಸೆಂದು ಉಕ್ಕುವ ಡಬ್ಬಿಯ ನೊರೆ ನೋಡಲು ಚಂದ. ಅದರಲ್ಲಿ ಗಾಳಿಯೇ ಹೆಚ್ಚು. ಬೋಳು ಕತ್ತಿಗೆ ಅದನ್ನು ನಂಬಿಕೊಳ್ಳದಿರುವುದು ಲೇಸು.

ಇಲ್ಲಿ ನಮ್ಮ ಕಾಡಿನ ಒಂದು ವಸ್ತು ನೆನಪಾಗದೆ ಇರದು. ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಮನೆಗಳಲ್ಲಿ ಮುರುಗಲು ಹಣ್ಣಿನ ಬೀಜದಿಂದ ತುಪ್ಪ ತೆಗೆಯುತ್ತಾರೆ. ಮೇಣದಂತೆ ಗಟ್ಟಿಯಾದ ಬಿಳಿಯ ತುಪ್ಪ ಅದು. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ತುಟಿಗೆ ಹಚ್ಚುವುದು ಎಲ್ಲರಿಗೂ ಗೊತ್ತು. ಆ ತುಪ್ಪ ಅಷ್ಟು ಗಟ್ಟಿಯಾಗಿರುವುದು ಅದರಲ್ಲಿ ಸ್ಟಿಯರಿಕ್ ಆಮ್ಲ ಅರ್ಧಕ್ಕಿಂತಲೂ ಹೆಚ್ಚಾಗಿ ಇರುವುದರಿಂದ. ಕ್ಷೌರದ ಸಾಬೂನು ಮಾಡುವವರು ಪರದೇಶದ ತಾಳೆಎಣ್ಣೆಯಿಂದ, ದನದ ಕೊಬ್ಬಿನಿಂದ ಯಾವ ಅಂಶವನ್ನು ಬಯಸುತ್ತಾರೋ ಅದೇ ಅಂಶ ನಮ್ಮ ಬೆಟ್ಟದ ಮರದ ಬೀಜದಲ್ಲಿ ಕುಳಿತಿದೆ. ಮುರುಗಲ ಸಿಪ್ಪೆಗೆ ವ್ಯಾಪಾರಿಗಳು ಬರುತ್ತಾರೆ, ಸೋಲಾರಿನಲ್ಲಿ ಒಣಗಿಸುತ್ತಾರೆ, ಸಿರಪ್ ಮಾಡುತ್ತಾರೆ. ಬೀಜದ ಕಡೆಗೆ ಅಷ್ಟು ಲಕ್ಷ್ಯ ಸಾಲದೆಂದು ತೋರುತ್ತದೆ.

ದನದ ಕೊಬ್ಬು ಎಂದೊಡನೆ ಈ ಭಾಗದ ಓದುಗರು ಹುಬ್ಬು ಗಂಟಿಕ್ಕಬಹುದು. ಹಿಂದಿನ ಪರದೇಶಿ ಸಾಬೂನುಗಳ ಬಗ್ಗೆ ಮಡಿವಂತರಿಗೆ ಇದ್ದ ಆಕ್ಷೇಪವೂ ಅದೇ. ಅರ್ದೇಶಿರ್ ಗೋದ್ರೆಜ್ 20ನೇ ಶತಮಾನದ ಎರಡನೆಯ ದಶಕದ ಕೊನೆಗೆ ಸಸ್ಯಜನ್ಯ ಎಣ್ಣೆಯಿಂದ ಸಾಬೂನು ಮಾಡಿ ಮಾರಲು ಹೊರಟಾಗ, ಪ್ರಾಣಿಯ ಕೊಬ್ಬಿಲ್ಲ ಎಂಬುದೇ ದೊಡ್ಡ ಪ್ರಚಾರವಾಗಿತ್ತು. ಆ ಕಂಪನಿಯ ಗುಂಡನೆಯ ಕ್ಷೌರದ ಸಾಬೂನು ಮುಂದೆ ಎಷ್ಟೋ ಕ್ಷೌರದಂಗಡಿಗಳ ಬಟ್ಟಲನ್ನು ಸೇರಿತು. ಇಂದು ಅನುಮಾನವಿರುವವರು ಡಬ್ಬಿಯ ಹಿಂಬದಿ ಓದಿದರೆ ಸಾಕು. ಟ್ಯಾಲೋವೇಟ್ ಎಂದಿದ್ದರೆ ಪ್ರಾಣಿಯ ಕೊಬ್ಬಿನದು, ಪಾಮೇಟ್ ಎಂದಿದ್ದರೆ ತಾಳೆಎಣ್ಣೆಯದು, ಕೊಕೊಯೇಟ್ ಎಂದಿದ್ದರೆ ತೆಂಗಿನೆಣ್ಣೆಯದು. ಸ್ಟಿಯರೇಟ್ ಎಂಬುದು ಎರಡು ಮೂಲದಿಂದಲೂ ಬಂದಿರಬಹುದು. ಆ ಪಟ್ಟಿಯ ಆರಂಭದಲ್ಲೇ ಪೊಟ್ಯಾಷಿಯಂ ಸ್ಟಿಯರೇಟ್ ಅಥವಾ ಸ್ಟಿಯರಿಕ್ ಆಮ್ಲ ಕಂಡರೆ ಅದು ಕ್ಷೌರಕ್ಕೆಂದೇ ಮಾಡಿದ್ದು ಎಂದು ತಿಳಿಯಬಹುದು.

ಪರಿಮಳಕ್ಕೆ ಮರುಳಾಗಬೇಕಾಗಿಲ್ಲ. ಶ್ರೀಗಂಧ ನಮ್ಮ ನೆಲದ್ದು. ಶಿರಸಿ, ಸಿದ್ದಾಪುರ, ಸಾಗರ, ಸೊರಬಗಳ ಗುಡಿಗಾರರು ಅದರಲ್ಲಿ ಕೆತ್ತಿದ ಪೆಟ್ಟಿಗೆಗಳು ದೇಶ ದೇಶ ಸುತ್ತಿವೆ. ಮೈಸೂರು ಸಂಸ್ಥಾನ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನೂ ಅದರ ಬೆನ್ನಿಗೆ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನೂ ತೆರೆದದ್ದು ಹೆಮ್ಮೆಯ ಕಥೆ. ಆದರೆ ಹೆಸರಾದ ಆ ಗಂಧದ ಸಾಬೂನು ಸ್ನಾನದ್ದು. ಪೇಟೆಯಲ್ಲಿ ಗಂಧ ಎಂದು ಬರೆದುಕೊಂಡು ಬರುವ ಕ್ಷೌರದ ಸಾಬೂನುಗಳಲ್ಲಿ ಹೆಚ್ಚಿನವು ಕೃತಕ ಪರಿಮಳದವು. ಅಸಲಿ ಗಂಧವೇ ಇದ್ದರೂ ಅದು ಮೂಗಿಗೆ ಹಿತ, ಕತ್ತಿಗೆ ಅದರಿಂದ ಯಾವ ಉಪಕಾರವೂ ಇಲ್ಲ. ಚರ್ಮ ಸೂಕ್ಷ್ಮವಾಗಿರುವವರಿಗೆ ಪರಿಮಳವೇ ಉರಿ ತರುವುದೂ ಉಂಟು.

ಇಷ್ಟೆಲ್ಲ ನೋಡಿ ಕೊಂಡ ಸಾಬೂನು ಶಿರಸಿಯಲ್ಲಿ ಒಂದು ರೀತಿ, ಗದಗಿನಲ್ಲಿ ಒಂದು ರೀತಿ ನಡೆದುಕೊಳ್ಳುತ್ತದೆ. ಕಾರಣ ನೀರು. ನೀರಿನಲ್ಲಿ ಸುಣ್ಣದ, ಮೆಗ್ನೀಷಿಯಂನ ಅಂಶ ಹೆಚ್ಚಾಗಿದ್ದರೆ ಅವು ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಕೊಳೆಯಾಗಿ ಬಿಡುತ್ತವೆ. ಒಡೆದ ಹಾಲಿನಂತೆ ಬಿಳಿ ಚೂರುಗಳು ತೇಲುತ್ತವೆ. ಸಾಬೂನು ಖರ್ಚಾಗುತ್ತದೆ, ನೊರೆ ಬರುವುದಿಲ್ಲ. ಬಯಲುಸೀಮೆಯ ಕೊಳವೆ ಬಾವಿಗಳ ನೀರು ಬಹಳ ಕಡೆ ಇಂಥ ಗಡಸು ನೀರು. ನಮ್ಮ ಮೂರು ತಾಲೂಕುಗಳಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜಂಬಿಟ್ಟಿಗೆ ನೆಲದ ಸುಣ್ಣದಂಶವನ್ನು ಆ ಮಳೆ ಯಾವ ಕಾಲದಲ್ಲೋ ತೊಳೆದುಕೊಂಡು ಹೋಗಿದೆ. ತೆರೆದ ಬಾವಿಯ ನೀರಾಗಲಿ, ಗುಡ್ಡದಿಂದ ಅಡಿಕೆ ಮರದ ದಂಬೆಯಲ್ಲಿ ಹರಿದು ಬರುವ ಅಬ್ಬಿಯ ನೀರಾಗಲಿ ಸಾಮಾನ್ಯವಾಗಿ ಮೆದು. (ಯಾಣದ ಕಪ್ಪು ಬಂಡೆಗಳು ಸುಣ್ಣಕಲ್ಲಿನವು ಎಂದು ಯಾರಾದರೂ ತಕರಾರು ತೆಗೆಯಬಹುದು. ನಿಜ, ಆದರೆ ಅದು ಈ ಸೀಮೆಯಲ್ಲಿ ಅಪರೂಪದ ಶಿಲೆ.) ಹಾಗಾಗಿಯೇ ಹುಬ್ಬಳ್ಳಿ ಕಡೆಯಿಂದ ನೆಂಟರ ಮನೆಗೆ ಬಂದವರಿಗೆ ಇಲ್ಲಿ ಸ್ನಾನ ಮಾಡಿದರೆ ಎಷ್ಟು ನೀರು ಹೊಯ್ದರೂ ಸಾಬೂನು ಹೋಗಲಿಲ್ಲ ಎನ್ನಿಸುವುದು. ಅದು ಮೆದು ನೀರಿನ ಲಕ್ಷಣ. ನೊರೆ ತೆಗೆಯುವ ಮಟ್ಟಿಗೆ ಶಿರಸಿಯವರು ಪುಣ್ಯವಂತರು. ಸಂಶಯವಿದ್ದವರು ಒಂದು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸಾಬೂನಿನ ಚೂರು ಹಾಕಿ ಅಲುಗಾಡಿಸಿ ನೋಡಬಹುದು. ಮೇಲೆ ನೊರೆ ನಿಂತು ಕೆಳಗೆ ನೀರು ತಿಳಿಯಾಗಿದ್ದರೆ ಮೆದು. ನೊರೆ ಇಲ್ಲದೆ ನೀರು ಮಾತ್ರ ಕಲಕಿದಂತಾದರೆ ಗಡಸು. ಗಡಸು ನೀರಿನವರು ಮಳೆನೀರನ್ನೋ ಕುದಿಸಿ ತಿಳಿಯಾಗಿಸಿದ ನೀರನ್ನೋ ಕ್ಷೌರಕ್ಕೆ ತೆಗೆದಿಟ್ಟುಕೊಂಡರೆ ಆಯಿತು. ಅದಕ್ಕೆ ಬೇಕಾಗುವುದು ಒಂದು ಲೋಟ.

ನೊರೆ ತೆಗೆಯುವ ಕ್ರಮವನ್ನು ಈಗ ಹೇಳಬಹುದು. ಮೊದಲು ಬೆಚ್ಚನೆಯ ನೀರಿನಿಂದ ಮುಖ ತೊಳೆದು, ಎರಡು ಮೂರು ನಿಮಿಷ ಒದ್ದೆಯಾಗಿಯೇ ಇಡಬೇಕು. ಬಚ್ಚಲೊಲೆಯ ಹಂಡೆಯಲ್ಲಿ ಸದಾ ಬಿಸಿನೀರಿರುವ ಮನೆಗಳಲ್ಲಿ ಸ್ನಾನವಾದ ಕೂಡಲೇ ಕ್ಷೌರ ಮಾಡಿಕೊಳ್ಳುವುದು ವಿಜ್ಞಾನದ ದೃಷ್ಟಿಯಿಂದ ಉತ್ತಮ. ಆದರೆ ನಮ್ಮಲ್ಲಿ ಕ್ಷೌರವಾದ ಮೇಲೆ ಸ್ನಾನ ಮಾಡದೆ ಒಳಗೆ ಬರಬಾರದು. ಎರಡು ಬಾರಿ ಸ್ನಾನ ಮಾಡಿ ಎಂದು ಹೇಳುವ ಧೈರ್ಯ ನನಗಿಲ್ಲ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಪಂಚೆಯ ತುಂಡನ್ನು ಮುಖಕ್ಕೆ ಸುತ್ತಿಕೊಂಡರೂ ನಡೆದೀತು.

ಅಷ್ಟರಲ್ಲಿ ಬ್ರಷ್ಷು ನೀರಿನಲ್ಲಿ ನೆನೆದಿರಲಿ. ಎತ್ತಿ ಒಮ್ಮೆ ಕೊಡವಿ, ಸಾಬೂನಿನ ಮೇಲೆ ಅರ್ಧ ನಿಮಿಷ ಸುತ್ತು ಹಾಕಿ ತಿರುಗಿಸಬೇಕು. ತಪ್ಪುವುದು ಇಲ್ಲಿಯೇ. ನಾಲ್ಕು ಸುತ್ತು ತಿರುಗಿಸಿ ನೊರೆ ಕಂಡಿತೆಂದು ಎತ್ತಿಬಿಡುತ್ತಾರೆ. ಆಗ ಬ್ರಷ್ಷಿನಲ್ಲಿರುವುದು ಸಾಬೂನಿಲ್ಲದ ಗುಳ್ಳೆ. ಕೂದಲಿನ ನಡುವೆ ಗಟ್ಟಿ ಲೇಪ ಕೂರುವವರೆಗೂ ತಿರುಗಿಸಿ, ಅನಂತರ ಬಟ್ಟಲಲ್ಲೋ ಕೆನ್ನೆಯ ಮೇಲೋ ಕಡೆಯಬೇಕು. ಕಡೆಯುತ್ತ ಕಡೆಯುತ್ತ ಹನಿ ಹನಿಯಾಗಿ ನೀರು ಸೇರಿಸಬೇಕು. ಒಮ್ಮೆಗೇ ಸುರಿದರೆ ಕೆಟ್ಟಿತು. ಮೊದಲು ಹಿಟ್ಟಿನಂತೆ ಅಂಟಂಟಾಗಿ ಇರುವುದು ನೀರು ಕುಡಿಯುತ್ತ ಹೋದಂತೆ ನಯವಾಗಿ, ಹೊಳಪು ಬಂದು, ಕಡೆದ ಮೊಸರಿನ ಹದಕ್ಕೆ ಬರುತ್ತದೆ. ಮೇಲೆ ದೊಡ್ಡ ಗುಳ್ಳೆಗಳು ಕಂಡರೆ ನೀರು ಹೆಚ್ಚಾಗಿದೆ, ಸಾಬೂನು ಬೇಕು. ಕೆನ್ನೆಯ ಮೇಲೆ ಒಣಗಿ ಬಿಳಿ ಕಲೆಯಾಗುತ್ತಿದ್ದರೆ ನೀರು ಸಾಲದು. ಬೆರಳ ನಡುವೆ ತಿಕ್ಕಿದಾಗ ಜಾರಬೇಕು, ಅದೇ ಕೊನೆಯ ಪರೀಕ್ಷೆ.

ಸಿನೆಮಾದಲ್ಲಿ ತೋರಿಸುವಂತೆ ಮುಖದ ಮೇಲೆ ಹತ್ತಿಯ ರಾಶಿ ಕಟ್ಟುವುದು ಬೋಳು ಕತ್ತಿಗೆ ತಕ್ಕುದಲ್ಲ. ಕತ್ತಿ ಎಲ್ಲಿ ಹೋಗುತ್ತಿದೆ ಎಂದು ಕಣ್ಣಿಗೆ ಕಾಣಬೇಕು. ತೊಡೆದೇವು ಮಾಡುವವರು ಕಾದ ಮಡಕೆಯ ಬೆನ್ನಿಗೆ ಹಿಟ್ಟನ್ನು ಹೇಗೆ ತೆಳ್ಳಗೆ, ಎಲ್ಲಿಯೂ ಬಿಡದಂತೆ ಎಳೆಯುತ್ತಾರೋ ಹಾಗೆ ಎಂದರೆ ಈ ಸೀಮೆಯವರಿಗೆ ಅರ್ಥವಾದೀತು. ಚರ್ಮವನ್ನು ಎಡಗೈಯಿಂದ ಬಿಗಿ ಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಇಟ್ಟು, ಕೂದಲು ಬೆಳೆದ ದಿಕ್ಕಿಗೇ ಎಳೆಯುವುದು ಮೊದಲ ಸುತ್ತು. ಎದುರು ದಿಕ್ಕಿಗೆ ಎಳೆಯಬೇಕೆಂದರೆ ಮತ್ತೊಮ್ಮೆ ನೊರೆ ಹಚ್ಚಲೇಬೇಕು. ಒಣಗಿದ ಕೆನ್ನೆಗೆ ಎರಡನೆಯ ಎಳೆತ ಹಾಕುವುದೇ ಹೆಚ್ಚಿನ ಉರಿಗೆ, ಗುಳ್ಳೆಗೆ ಮೂಲ.

ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರನ್ನು ಸಮಾಜ ನಡೆಸಿಕೊಂಡ ಬಗೆ ಮಾತ್ರ ಮೆಚ್ಚುವಂಥದಲ್ಲ. ಹಜಾಮ ಎಂಬ ಮಾತಿನ ಮೂಲ ಅರಬ್ಬಿ. ಅಲ್ಲಿ ಅದರ ಅರ್ಥ ಕೊಂಬಿಟ್ಟು ಕೆಟ್ಟ ರಕ್ತ ತೆಗೆಯುವವನು, ಅಂದರೆ ಒಂದು ಬಗೆಯ ವೈದ್ಯ. ನಮ್ಮಲ್ಲಿಯೂ ಅನೇಕ ಕಡೆ ಹುಣ್ಣು ಕೊಯ್ಯುವುದು, ಹೆರಿಗೆ ಮಾಡಿಸುವುದು, ವಾಲಗ ಊದುವುದು ಇದೇ ಮನೆತನಗಳ ಕೆಲಸವಾಗಿತ್ತು. ಅಂಥ ಮಾತನ್ನು ಬೈಗುಳವಾಗಿಸಿದ್ದು ನಾವು. ಕೆಲಸವಿಲ್ಲದ ಕ್ಷೌರಿಕ ಬೆಕ್ಕಿನ ತಲೆ ಬೋಳಿಸಿದ ಎಂದು ಗಾದೆ ಕಟ್ಟಿ ನಕ್ಕವರೂ ನಾವೇ. ತನ್ನ ಕುತ್ತಿಗೆಯನ್ನು ಒಬ್ಬನ ಕತ್ತಿಗೆ ಒಡ್ಡಿ ನಿಶ್ಚಿಂತೆಯಿಂದ ಕಣ್ಣು ಮುಚ್ಚುವ ಮನುಷ್ಯ, ಕೆಲಸ ಮುಗಿದೊಡನೆ ಅವನನ್ನು ಮುಟ್ಟಿದ್ದಕ್ಕಾಗಿ ಮೀಯುತ್ತಾನೆ. ಭಂಡಾರಿ, ಸವಿತಾ, ಹಡಪದ ಎಂಬ ಹೆಸರುಗಳಿಂದ ಗುರುತಿಸಿಕೊಳ್ಳಲು ಈ ಸಮಾಜದವರು ಬಯಸುವುದರ ಹಿಂದೆ ಈ ನೋವು ಇದೆ.

ಕತ್ತಿಯ ಕಾಲ ಮುಗಿದದ್ದು ಸೇಫ್ಟಿ ರೇಜರಿನಿಂದಲ್ಲ, ಸೋಂಕಿನ ಭಯದಿಂದ. ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ. ಆಮೇಲಿನ ವರ್ಷಗಳ ಪ್ರಚಾರದಲ್ಲಿ ಹೊಸ ಬ್ಲೇಡು ಕೇಳಿ ಎಂಬ ಮಾತು ಹಳ್ಳಿ ಹಳ್ಳಿಗೆ ಮುಟ್ಟಿತು. ಸಾಣೆಕಲ್ಲಿನಲ್ಲಿ ಮಸೆದು ಚರ್ಮದ ಪಟ್ಟಿಗೆ ತೀಡುವ ಕತ್ತಿ ಮೂಲೆ ಸೇರಿತು. ಅದರ ಜಾಗಕ್ಕೆ ಬ್ಲೇಡನ್ನು ಕಾಗದದೊಳಗೇ ಎರಡು ತುಂಡು ಮಾಡಿ ಅರ್ಧವನ್ನು ಸಿಕ್ಕಿಸುವ ಹಿಡಿ ಬಂತು. ಇದು ಒಳ್ಳೆಯದೇ ಆಯಿತು. ಹೆಪಟೈಟಿಸ್ ಬಿ ವೈರಸ್ಸಂತೂ ದೇಹದ ಹೊರಗೆ ಏಳು ದಿನವಾದರೂ ಬದುಕಿರಬಲ್ಲದು. ಅದನ್ನು ನೆನೆದರೆ ಹಳೆಯ ಕತ್ತಿಗಾಗಿ ಹಲುಬಬೇಕಾಗಿಲ್ಲ. ಹಿಡಿ ಹೊಸದಾದರೂ ಅಂಚಿಗೆ ತಡೆ ಇಲ್ಲದ ಬೋಳು ಕತ್ತಿಯೇ ಅದು. ಆದ್ದರಿಂದ ನೊರೆಯ ಲೆಕ್ಕಾಚಾರ ಬದಲಾಗಿಲ್ಲ.

ಬದಲಾಗದೆ ಉಳಿದದ್ದು ಮತ್ತೊಂದಿದೆ. ಬ್ಲೇಡು ಹೊಸದೇ ಎಂದು ಕಣ್ಣಿಟ್ಟು ನೋಡುವ ಗಿರಾಕಿ, ಹಿಂದಿನವನ ಮುಖಕ್ಕೆ ತಿಕ್ಕಿದ ಬ್ರಷ್ಷೇ ತನ್ನ ಮುಖಕ್ಕೂ ಬರುವುದನ್ನು ನೋಡಿ ಸುಮ್ಮನಿರುತ್ತಾನೆ. ಕೊನೆಗೆ ಸವರುವ ಪಟಿಕದ ಕಲ್ಲೂ ಹಾಗೆಯೇ. ಪಟಿಕ ಸಣ್ಣ ಗಾಯದ ರಕ್ತವನ್ನು ಹೆಪ್ಪುಗಟ್ಟಿಸಿ ನಿಲ್ಲಿಸುತ್ತದೆ. ಅಂದ ಮೇಲೆ ಅದು ದಿನವಿಡೀ ಎಷ್ಟು ಜನರ ಗಾಯವನ್ನು ಮುಟ್ಟುತ್ತದೆ ಎಂದು ಲೆಕ್ಕ ಹಾಕಬಹುದು. ಬ್ರಷ್ಷಿನ ಅಪಾಯ ಕಲ್ಪನೆಯದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಅನೇಕರಿಗೆ ಮುಖ, ಕುತ್ತಿಗೆಯ ಮೇಲೆ ಆಂಥ್ರಾಕ್ಸ್ ಹುಣ್ಣು ಎದ್ದಿತು. ನಮ್ಮ ರೈತರು ನೆರಡಿ ಎನ್ನುವ ದನದ ರೋಗ ಅದು. ಹುಡುಕಿದಾಗ ಸಿಕ್ಕ ಕಾರಣ, ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಕ್ಷೌರದ ಬ್ರಷ್ಷುಗಳು. ಇಂದಿನ ನೈಲಾನ್ ಬ್ರಷ್ಷಿನಲ್ಲಿ ಆ ಭಯವಿಲ್ಲ. ಆದರೆ ಗಡ್ಡದ ಬುಡದಲ್ಲಿ ಕೀವುಗುಳ್ಳೆ ಏಳಿಸುವ ಬ್ಯಾಕ್ಟೀರಿಯಾ, ಹುಳುಕಡ್ಡಿಯ ಶಿಲೀಂಧ್ರ ಒಂದು ಮುಖದಿಂದ ಇನ್ನೊಂದಕ್ಕೆ ಹೋಗಲು ಒದ್ದೆ ಬ್ರಷ್ಷಿಗಿಂತ ಒಳ್ಳೆಯ ವಾಹನ ಬೇಡ.

ಕ್ಷೌರಿಕರನ್ನು ದೂರಿ ಪ್ರಯೋಜನವಿಲ್ಲ. ಗಿರಾಕಿಗೊಂದು ಬ್ರಷ್ಷು ಇಡಿ ಎನ್ನುವುದು ಸಣ್ಣ ಅಂಗಡಿಗೆ ಆಗದ ಮಾತು. ಗಿರಾಕಿಯೇ ತನ್ನ ಬ್ರಷ್ಷನ್ನು, ಬೆರಳುದ್ದದ ಪಟಿಕವನ್ನು ಚೀಲದಲ್ಲಿ ಒಯ್ದರೆ ಯಾರೂ ಬೇಸರಿಸಲಾರರು. ಬ್ರಷ್ಷೇ ಬೇಡ, ಟ್ಯೂಬಿನ ಕ್ರೀಮನ್ನು ಕೈಯಿಂದಲೇ ಹಚ್ಚಿ ತಿಕ್ಕಿ ಎಂದು ಕೇಳಬಹುದು. ಆಗ ಮೊದಲಿನ ಹಾಗೆ ನೀರು ಹಚ್ಚಿ ತಿಕ್ಕುವ ಬೆರಳುಗಳಿಗೆ ಮತ್ತೆ ಕೆಲಸ ಬರುತ್ತದೆ, ಆ ಬೆರಳುಗಳನ್ನು ಗಿರಾಕಿಯ ಎದುರೇ ಸಾಬೂನಿನಿಂದ ತೊಳೆದಿದ್ದರೆ ಆಯಿತು. 2018ರಲ್ಲಿ ‘ಕೆಜಿಎಫ್’ ಚಿತ್ರ ಬಂದ ಮೇಲೆ ಹುಡುಗರೆಲ್ಲ ಗಡ್ಡ ಬಿಟ್ಟಿದ್ದಾರಲ್ಲ, ಈ ಕಷ್ಟ ಯಾರಿಗೆ ಎನ್ನಬೇಡಿ. ಗಡ್ಡಕ್ಕೆ ಗೆರೆ ಕೊರೆದಂತೆ ಅಂಚು ಕಟ್ಟುವುದಕ್ಕೂ ಅದೇ ಬೋಳು ಅಂಚಿನ ಬ್ಲೇಡು ಬೇಕು, ಕುತ್ತಿಗೆಯ ಮೆದು ಚರ್ಮದ ಮೇಲೆಯೇ ಅದು ಓಡಾಡುವುದು.

ಮನೆಯಲ್ಲಿ ಬ್ರಷ್ಷು ಇಟ್ಟುಕೊಳ್ಳುವವರಿಗೆ ಮಳೆಗಾಲದ ಒಂದು ಮಾತು. ಜೂನ್ ತಿಂಗಳಿಂದ ನಾಲ್ಕು ತಿಂಗಳು ಈ ಕಡೆ ಏನೂ ಒಣಗುವುದಿಲ್ಲ. ಬಟ್ಟಲಲ್ಲಿ ನಿಲ್ಲಿಸಿಟ್ಟ ಬ್ರಷ್ಷಿನ ಬುಡಕ್ಕೆ ಬೂಸ್ಟು ಹಿಡಿಯಲು ವಾರ ಸಾಕು. ಕ್ಷೌರವಾದ ಕೂಡಲೇ ಸಾಬೂನು ಪೂರ್ತಿ ಹೋಗುವಂತೆ ತೊಳೆದು, ಕೊಡವಿ, ಕೂದಲು ಕೆಳಮುಖವಾಗಿರುವಂತೆ ಬಚ್ಚಲೊಲೆಯ ಹತ್ತಿರ ಬೆಂಕಿಯ ಝಳ ತಾಗದಷ್ಟು ದೂರದಲ್ಲಿ ತೂಗುಹಾಕಬೇಕು. ಸಾಬೂನಿನ ಬಟ್ಟಲಿನಲ್ಲಿ ನಿಂತ ನೀರನ್ನು ಚೆಲ್ಲಿ, ಮುಚ್ಚಳವನ್ನು ತುಸು ತೆರೆದಿಟ್ಟರೆ ಅದೂ ಕೆಡದೆ ಉಳಿಯುತ್ತದೆ.